ಮಠದ ಬಾಗಿಲ ಗೋಡೆಯಲ್ಲಿ ಹಂದಿ, ಹುಂಜ, ಹಾವು: ಈ ಚಿತ್ರದ ಕಥೆ ಗೊತ್ತಿರುವವರು ಹೇಳ್ತೀರಾ?

ಹೇಮಾವತಿ ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು. ಹೋದ ಶನಿವಾರ ಅತ್ತೆ, ನಮ್ಮ ಮನೆಯವರು, ನಾಲ್ಕನೇ ಕ್ಲಾಸಿನ ಮಗ, ನಾನು ಬೈಲಕುಪ್ಪೆಗೆ ಹೋಗಿದ್ವಿ. ಗೋಲ್ಡನ್ ಟೆಂಪಲ್‌ನಲ್ಲಿ ಆ 60 ಅಡಿಯ ಬುದ್ಧನ ಮುಂದೆ ಸ್ವಲ್ಪ ಹೊತ್ತು ಕೂತು ಹೊರಗೆ ಬಂದಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಟಿಬೆಟ್ಟಿನವರ ಕ್ಯಾಂಪಿನ ಒಳಗೆ ಜೋಳದ ಹೊಲದ ಪಕ್ಕ ಒಂದು ಸಣ್ಣ ಮಠ ಕಾಣಿಸ್ತು. ಒಳಗೆ ಪೂಜೆ ನಡೀತಿತ್ತು, ಬಾಗಿಲು ಮುಚ್ಚಿತ್ತು. ನೆರಳಿದೆಯಲ್ಲ ಅಂತ ಜಗಲಿಯಲ್ಲೇ ಕೂತ್ಕೊಂಡ್ವಿ.

ಆ ಜಗಲಿಯ ಗೋಡೆ ತುಂಬ ಚಿತ್ರ. ಬಾಗಿಲ ಪಕ್ಕದಲ್ಲೇ ಆಳೆತ್ತರದ ಒಂದು ಚಕ್ರ. ಮೂರು ಕಣ್ಣಿನ, ಕೋರೆಹಲ್ಲಿನ ಒಬ್ಬ ಅದನ್ನು ಬಾಯಲ್ಲಿ ಕಚ್ಚಿ, ಕೈಕಾಲಿನ ಉಗುರಲ್ಲಿ ಬಿಗಿಯಾಗಿ ಹಿಡಿದಿದ್ದಾನೆ. ಚಕ್ರದ ನಟ್ಟನಡುವೆ ಒಂದು ಹಂದಿ. ಅದರ ಬಾಯಲ್ಲಿ ಹುಂಜದ ಬಾಲವೂ ಇದೆ, ಹಾವಿನ ಬಾಲವೂ ಇದೆ. ಅಂಚಿನಲ್ಲಿ ಕೋಲೂರಿಕೊಂಡು ಹೋಗ್ತಿರೋ ಕುರುಡಿ ಅಜ್ಜಿ, ಮಡಕೆ ಮಾಡೋ ಕುಂಬಾರ, ಕಣ್ಣಿಗೆ ಬಾಣ ನಾಟಿದ ಮನುಷ್ಯ.

ಮಗ ಕೇಳಿದ: "ಅಮ್ಮ, ಹಂದಿ ಯಾಕೆ ಅವೆರಡರ ಬಾಲ ಕಚ್ಕೊಂಡಿದೆ? ಇವನ ಕಣ್ಣಿಗೆ ಬಾಣ ಹೊಡೆದಿದ್ಯಾರು?" ನನಗೆ ಗೊತ್ತಿರಲಿಲ್ಲ. ಅತ್ತೆ, "ಇದು ಯಮಪಟ ಕಣೋ. ಪಾಪ ಮಾಡಿದೋರನ್ನ ಎಣ್ಣೇಲಿ ಬೇಯಿಸ್ತಿದಾರೆ ನೋಡು" ಅಂದ್ರು. ಕೆಳಗಡೆ ಕೊಪ್ಪರಿಗೆ ನಿಜವಾಗ್ಲೂ ಇತ್ತು. ಅಷ್ಟರಲ್ಲಿ ಯಾವುದೋ ಪ್ರವಾಸದ ಗುಂಪಿಗೆ ಗೈಡ್ ಒಬ್ಬರು, "ಇದು ಇವರ ರಾಶಿಚಕ್ರ, ಸುತ್ತ ಹನ್ನೆರಡು ಮನೆ ಇದೆ, ಎಣಿಸಿ" ಅಂತ ಹೇಳಿ ಮುಂದಕ್ಕೆ ಕರ್ಕೊಂಡು ಹೋದ್ರು.

ಮನೆಗೆ ಬಂದು ಐದು ದಿನ ಆಯ್ತು, ಮಗ ಇನ್ನೂ ಕೇಳ್ತಾನೇ ಇದ್ದಾನೆ. ಏನೋ ಒಂದು ಹೇಳಿ ಸಾಗಹಾಕೋಕೆ ನನಗೆ ಮನಸ್ಸಿಲ್ಲ. ತಿಳಿದವರು ದಯವಿಟ್ಟು ಹೇಳಿ. ಗೋಲ್ಡನ್ ಟೆಂಪಲ್‌ನಲ್ಲಿ ಬುದ್ಧನ ಪಕ್ಕ ಕೂತಿರೋ, ಸಣ್ಣ ಮೀಸೆಯವರು ಯಾರು ಅನ್ನೋದನ್ನೂ ತಿಳಿಸಿ.


ಪಿರಿಯಾಪಟ್ಟಣದ ಡ್ರಾಯಿಂಗ್ ಮೇಷ್ಟ್ರು:

ತಾಯಿ, ಮೊದಲು ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಆ ಚಿತ್ರವನ್ನು ಯಾಕೆ ಬರೆದರೋ ಆ ಕೆಲಸವನ್ನು ಅವನು ಮಾಡಿದ್ದಾನೆ. ಅದು ಹೇಗೆ ಅಂತ ಕೊನೆಗೆ ಹೇಳ್ತೀನಿ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಬೈಲಕುಪ್ಪೆಯ ಒಂದು ಮಠದಲ್ಲಿ ಗೋಡೆಗೆ ಚಿತ್ರ ಬರೆಯುವ ವಯಸ್ಸಾದ ಲಾಮಾ ಒಬ್ಬರಿದ್ದಾರೆ. ಹನ್ನೊಂದು ವರ್ಷ ಭಾನುವಾರಗಳಂದು ಅವರ ಪಕ್ಕ ಕೂತು, ಬಣ್ಣ ಅರೆದು ಕೊಟ್ಟು, ಕೇಳಿ ಕೇಳಿ ಕಲಿತದ್ದು ನನಗಿರೋ ತಿಳಿವಳಿಕೆ. ಅವರಿಗೆ ಕನ್ನಡ ಚೆನ್ನಾಗಿ ಬರುತ್ತೆ, ಸಂತೆಯಲ್ಲಿ ಚೌಕಾಸಿ ಮಾಡುವಷ್ಟು.

ನೀವು ನೋಡಿದ್ದು ಭವಚಕ್ರ. ಅವರು ಸಿಪೆ ಖೋರ್ಲೊ ಅಂತಾರೆ. ಇದನ್ನು ಒಳಗಿಂದ ಹೊರಕ್ಕೆ ಓದಬೇಕು. ನಿಮ್ಮ ಹುಡುಗ ಸರಿಯಾದ ಜಾಗದಿಂದಲೇ ಶುರು ಮಾಡಿದ್ದಾನೆ.

ಹಂದಿ ಅಂದರೆ ಮೋಹ. ಮೋಹ ಅಂದರೆ ನಾವು ಅಂದುಕೊಳ್ಳುವ ಪ್ರೀತಿ ಪ್ರೇಮ ಅಲ್ಲ. ಇರುವುದನ್ನು ಇರುವ ಹಾಗೆ ಕಾಣದ ಮಂಕು. ಹುಂಜ ರಾಗ, ಅಂದರೆ ಬೇಕು ಬೇಕು ಅನ್ನೋದು. ಹಾವು ದ್ವೇಷ. ಕೆಲವು ಮಠಗಳಲ್ಲಿ ಮೂರೂ ಒಂದರ ಬಾಲ ಒಂದು ಕಚ್ಚಿಕೊಂಡು ಸುತ್ತುತ್ತವೆ. ನೀವು ನೋಡಿದ್ದರಲ್ಲಿ ಎರಡೂ ಬಾಲ ಹಂದಿಯ ಬಾಯಲ್ಲೇ ಇವೆ, ಅಂದರೆ ಆಸೆ, ಸಿಟ್ಟು ಎರಡೂ ಹೊರಟದ್ದು ಆ ಮಂಕಿನಿಂದ. ಹುಡುಗನಿಗೆ ಹೀಗೆ ಹೇಳಿ: ಕತ್ತಲಲ್ಲಿ ಹಗ್ಗ ತುಳಿದು ಹಾವು ಅಂತ ಬೆಚ್ಚಿಬೀಳ್ತೀವಲ್ಲ, ಅಲ್ಲಿ ಮೊದಲು ಬಂದದ್ದು ಹೆದರಿಕೆ ಅಲ್ಲ, ಕಾಣದೇ ಇದ್ದದ್ದು.

ಅದರ ಸುತ್ತಲಿನ ಉಂಗುರ ಅರ್ಧ ಬಿಳಿ, ಅರ್ಧ ಕಪ್ಪು. ಬಿಳಿಯಲ್ಲಿ ಜನ ಮೇಲಕ್ಕೆ ಹತ್ತುತ್ತಾರೆ, ಕಪ್ಪಿನಲ್ಲಿ ಬೀಳುತ್ತಾರೆ.

ಆಮೇಲೆ ದೊಡ್ಡ ಭಾಗ, ಆರು ಲೋಕ. ಮೇಲೆ ದೇವಲೋಕ, ಪಕ್ಕದಲ್ಲಿ ಅಸುರರು, ಮನುಷ್ಯರು. ಕೆಳಗೆ ಪ್ರಾಣಿಗಳು, ಪ್ರೇತಗಳು, ತಳದಲ್ಲಿ ನರಕ. ದೇವತೆಗಳಿಗೂ ಅಸುರರಿಗೂ ನಡುವೆ ಒಂದು ಮರ ಇದೆ, ನೋಡಿರಬಹುದು. ಬೇರು ಅಸುರರ ನೆಲದಲ್ಲಿ, ಹಣ್ಣು ದೇವತೆಗಳ ಕೈಯಲ್ಲಿ. ಗಡಿ ಜಮೀನಿನ ಹಲಸಿನ ಮರಕ್ಕೆ ಕೋರ್ಟಿಗೆ ಅಲೆದವರು ನಮ್ಮ ತಾಲೂಕಿನಲ್ಲಿ ಎಷ್ಟು ಜನ ಇದ್ದಾರೆ! ಆ ಯುದ್ಧ ಯಾಕೆ ನಿಲ್ಲೋದಿಲ್ಲ ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪ್ರೇತಗಳ ಹೊಟ್ಟೆ ಗುಡಾಣ, ಗಂಟಲು ಸೂಜಿಯ ಕಣ್ಣು. ಎಷ್ಟು ಸಿಕ್ಕರೂ ಇಳಿಯೋದಿಲ್ಲ.

ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ. ಕೊಪ್ಪರಿಗೆ ನರಕದ್ದೇ. ಆದರೆ ಇಲ್ಲಿ ಎರಡು ಸಂಗತಿ ಗಮನಿಸಬೇಕು. ಒಂದು, ಈ ನರಕದಲ್ಲಿ ಯಾರೂ ಶಾಶ್ವತವಾಗಿ ಇರೋದಿಲ್ಲ. ಕರ್ಮ ತೀರಿದ ಮೇಲೆ ಹೊರಗೆ ಬರ್ತಾರೆ. ಇನ್ನೊಂದು, ಯಮಪಟದಲ್ಲಿ ಇಲ್ಲದ್ದು: ನರಕದೊಳಗೂ ಒಬ್ಬ ಬುದ್ಧ ನಿಂತಿದ್ದಾನೆ. ಆರು ಲೋಕಕ್ಕೂ ಒಬ್ಬೊಬ್ಬ ಬುದ್ಧ. ಹಾಡು, ಕುಣಿತದಲ್ಲಿ ಮುಳುಗಿದ ದೇವತೆಗಳ ಹತ್ತಿರ ವೀಣೆ ಹಿಡಿದು ಬರ್ತಾನೆ, ಬೇರೆ ಏನು ಹೇಳಿದರೂ ಅವರ ಕಿವಿಗೆ ಬೀಳೋದಿಲ್ಲವಲ್ಲ. ಅಸುರರ ಹತ್ತಿರ ಕತ್ತಿ ಹಿಡಿದು, ಪ್ರೇತಗಳ ಹತ್ತಿರ ಅಮೃತದ ಪಾತ್ರೆ ಹಿಡಿದು. ನಾನು ಮೊದಲ ಸಲ ಇದನ್ನು ಗಮನಿಸಿದ ದಿನ ಆ ಜಗಲಿಯಿಂದ ಏಳೋಕೆ ಮನಸ್ಸಾಗಲಿಲ್ಲ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಪಾಠ ಹೇಳೋದು ಅಂದರೆ ಏನು ಅಂತ ಆ ಆರು ಸಣ್ಣ ಬುದ್ಧರು ತೋರಿಸಿಕೊಟ್ಟರು.

ಇನ್ನು ಅಂಚು. ಹನ್ನೆರಡು ಮನೆ ಇರೋದು ನಿಜ, ರಾಶಿಗಳಲ್ಲ. ಒಂದರಿಂದ ಒಂದು ಹುಟ್ಟುವ ಹನ್ನೆರಡು ಕೊಂಡಿ, ಪ್ರತೀತ್ಯಸಮುತ್ಪಾದ. ಇಲ್ಲಿ ಕನ್ನಡದವರಿಗೆ ಒಂದು ತೊಡಕಿದೆ: ಹೆಸರುಗಳೆಲ್ಲ ನಮಗೆ ಗೊತ್ತಿರೋವೇ, ಅರ್ಥ ಮಾತ್ರ ಬೇರೆ. ಕುರುಡಿ ಅಜ್ಜಿ ಅವಿದ್ಯೆ. ಕುಂಬಾರ ಸಂಸ್ಕಾರ, ನಾವು "ಸಂಸ್ಕಾರವಂತ ಹುಡುಗ" ಅನ್ನುವ ಸಂಸ್ಕಾರ ಅಲ್ಲ, ತಾನು ಮಾಡಿದ ಕೆಲಸದಿಂದ ತನ್ನನ್ನೇ ತಟ್ಟಿ ತಟ್ಟಿ ರೂಪಿಸಿಕೊಳ್ಳೋದು. ಕೊಂಬೆಯಿಂದ ಕೊಂಬೆಗೆ ಹಾರುವ ಕೋತಿ ವಿಜ್ಞಾನ, ಅಂದರೆ ಅರಿವು, ಸೈನ್ಸ್ ಅಲ್ಲ. ದೋಣಿಯಲ್ಲಿ ಕೂತವರು ನಾಮರೂಪ, ಅಂದರೆ ಮನಸ್ಸು ಮತ್ತು ದೇಹ. ಆರು ಕಿಟಕಿಯ ಖಾಲಿ ಮನೆ ಐದು ಇಂದ್ರಿಯ ಮತ್ತು ಮನಸ್ಸು. ತಬ್ಬಿಕೊಂಡ ಗಂಡು ಹೆಣ್ಣು ಸ್ಪರ್ಶ.

ಆಮೇಲೆ ಬರೋದು ನಿಮ್ಮ ಮಗನ ಬಾಣ. ಅದು ವೇದನೆ. ನಮ್ಮಲ್ಲಿ ವೇದನೆ ಅಂದರೆ ನೋವು ಮಾತ್ರ. ಅವರಲ್ಲಿ ಸುಖ, ದುಃಖ, ಎರಡೂ ಅಲ್ಲದ್ದು, ತಾಗಿದ ಕೂಡಲೇ ಆಗುವ ಅನುಭವ ಎಲ್ಲವೂ ವೇದನೆ. ಹಾಗಿದ್ದರೆ ಸುಖಕ್ಕೂ ಬಾಣ ಯಾಕೆ ಬರೆದರು ಅಂತ ಲಾಮಾರನ್ನು ಕೇಳಿದ್ದೆ. ಅವರು ಕುಂಚ ಕೆಳಗಿಟ್ಟು, ನನ್ನ ಕಣ್ಣಿನ ಮುಂದೆ ಪಟ್ಟನೆ ಚಪ್ಪಾಳೆ ತಟ್ಟಿದರು. ನಾನು ಕಣ್ಣು ಮುಚ್ಚಿದೆ. "ಯೋಚನೆ ಮಾಡಿ ಮುಚ್ಚಿದ್ರಾ?" ಅಂದರು. ಅಷ್ಟೇ. ಬಾಣ ಹೊಡೆದದ್ದು ಯಾರು ಅಂದರೆ ಹಿಂದಿನ ಮನೆಯ ಸ್ಪರ್ಶ.

ಅಲ್ಲಿಂದ ಮುಂದೆ ಕುಡಿಯುವವನು ತೃಷ್ಣೆ, ಹಣ್ಣು ಕೀಳುವವನು ಉಪಾದಾನ (ಬಿಡದೆ ಹಿಡಿದುಕೊಳ್ಳೋದು), ಬಸುರಿ ಭವ (ಮುಂದಿನ ಹುಟ್ಟಿಗೆ ಅಣಿಯಾಗೋದು), ಹೆರಿಗೆ ಜನ್ಮ, ಹೆಣ ಹೊತ್ತವರು ಮುಪ್ಪು ಸಾವು. ಅದರ ಪಕ್ಕದಲ್ಲೇ ಮತ್ತೆ ಕುರುಡಿ ಅಜ್ಜಿ.

ಚಕ್ರ ಹಿಡಿದವನನ್ನು ಜನ ಯಮ ಅಂತಾರೆ. ಲಾಮಾ ಹೇಳೋದು ಅನಿತ್ಯತೆ ಅಂತ. ಅವನ ಹಲ್ಲು ನಾಟಿರೋದು ಮೇಲುಗಡೆ, ದೇವಲೋಕದ ನೆತ್ತಿಯಲ್ಲೇ. ಸ್ವರ್ಗಕ್ಕೆ ಹೋದವರೂ ಅವನ ಬಾಯೊಳಗೇ ಇದ್ದಾರೆ. ಮೂಲೆಯಲ್ಲಿ, ಚಕ್ರದ ಹೊರಗೆ, ಬುದ್ಧ ನಿಂತು ಚಂದ್ರನ ಕಡೆ ಬೆರಳು ತೋರಿಸುತ್ತಿರುತ್ತಾನೆ.

ಶುರುವಿನಲ್ಲಿ ಹೇಳಿದ ಮಾತು ಈಗ. ದಿವ್ಯಾವದಾನ ಅನ್ನೋ ಹಳೆಯ ಸಂಸ್ಕೃತ ಬೌದ್ಧ ಕಥೆಗಳ ಸಂಗ್ರಹದಲ್ಲಿ ಒಂದು ಪ್ರಸಂಗ ಇದೆ. ಬುದ್ಧನ ಶಿಷ್ಯ ಮೌದ್ಗಲ್ಯಾಯನ ನರಕ, ಪ್ರೇತಲೋಕ ಎಲ್ಲ ಸುತ್ತಿ ಬಂದು, ಅಲ್ಲಿ ಕಂಡದ್ದನ್ನು ಜನರಿಗೆ ಹೇಳ್ತಿದ್ದ. ಕೇಳಿದವರ ಮನಸ್ಸು ತಿರುಗುತ್ತಿತ್ತು. ಆದರೆ ಒಬ್ಬ ಮೌದ್ಗಲ್ಯಾಯನ ಎಲ್ಲ ಕಡೆ ಇರೋದಕ್ಕಾಗುತ್ತದೆಯೇ? ಹಾಗಾಗಿ ಬುದ್ಧ, ವಿಹಾರದ ಬಾಗಿಲ ಕೊಠಡಿಯಲ್ಲಿ ಈ ಚಕ್ರವನ್ನು ಬರೆಸಿ ಅಂತ ಆನಂದನಿಗೆ ಹೇಳಿದ. ಬರೆಸಿದರು. ಬಂದ ಜನ "ಇದೇನು ಸ್ವಾಮಿ?" ಅಂತ ಕೇಳಿದರು. ಅಲ್ಲಿದ್ದ ಭಿಕ್ಷುಗಳಿಗೇ ಗೊತ್ತಿರಲಿಲ್ಲ. ಆಗ ಬುದ್ಧ ಇನ್ನೊಂದು ನಿಯಮ ಮಾಡಿದ: ಬಂದು ಹೋಗುವವರಿಗೆ ಚಿತ್ರವನ್ನು ಬಿಡಿಸಿ ಹೇಳಲು ಒಬ್ಬ ತಿಳಿದ ಭಿಕ್ಷುವನ್ನು ಬಾಗಿಲಲ್ಲಿ ನೇಮಿಸಿ.

ಇದು ಗರ್ಭಗುಡಿಯಲ್ಲಿಲ್ಲದೆ ಬಾಗಿಲಲ್ಲಿ ಇರೋದು ಅದಕ್ಕೇ. ನೋಡಿ ಕೈಮುಗಿದು ಹೋಗಲಿ ಅಂತ ಬರೆದ ಚಿತ್ರ ಅಲ್ಲ ಇದು. ಒಬ್ಬರು ಕೇಳಬೇಕು, ಇನ್ನೊಬ್ಬರು ಹೇಳಬೇಕು, ಆಗಲೇ ಚಿತ್ರ ಪೂರ್ತಿ ಆಗೋದು.

ಮೀಸೆಯವರು ಪದ್ಮಸಂಭವ. ಟಿಬೆಟ್ಟಿನವರು ಗುರು ರಿಂಪೋಚೆ ಅಂತಾರೆ. 8ನೇ ಶತಮಾನದಲ್ಲಿ ಭಾರತದಿಂದ ಟಿಬೆಟ್ಟಿಗೆ ಹೋದವರು. ಅಲ್ಲಿನ ಮೊದಲ ಮಠ ಸಮ್ಯೆ ಎದ್ದದ್ದು ಅವರ ಕಾಲದಲ್ಲಿ. ಸರೋವರದ ತಾವರೆಯಲ್ಲಿ ಎಂಟು ವರ್ಷದ ಬಾಲಕನಾಗಿ ಕಾಣಿಸಿಕೊಂಡರು ಅನ್ನೋದು ಹೆಸರಿನ ಹಿಂದಿನ ಕಥೆ. ಇನ್ನೊಂದು ಪಕ್ಕ ಇರೋರು ಆಯುಸ್ಸಿನ ಬುದ್ಧ, ಅಮಿತಾಯುಸ್.


ಶಿರಾಳಕೊಪ್ಪದವನು:

ಮೇಷ್ಟ್ರೇ, ಓದಿ ಖುಷಿಯಾಯಿತು. ಎರಡು ವಿಷಯ ಸೇರಿಸಬೇಕು ಅನ್ನಿಸಿತು. ನಾನು ಇತಿಹಾಸ ಓದಿದವನು.

ಒಂದು: ನೀವು ಹೇಳಿದ ದಿವ್ಯಾವದಾನದ ಪಾಠದಲ್ಲೇ ರಾಗಕ್ಕೆ ಹುಂಜ ಇಲ್ಲ, ಪಾರಾವತ ಇದೆ, ಅಂದರೆ ಪಾರಿವಾಳ. ಆರು ಲೋಕವೂ ಇಲ್ಲ, ಐದು ಗತಿ, ಅಂದರೆ ಹುಟ್ಟುವ ಲೋಕ ಐದೇ. ಅಸುರರಿಗೆ ಬೇರೆ ಮನೆ ಕೊಟ್ಟಿಲ್ಲ. ಹಾಗಾದರೆ ಟಿಬೆಟ್ಟಿನವರು ಬದಲಾಯಿಸಿದ್ದು ಸರಿಯೇ?

ಎರಡು: ಆ ಗೈಡ್ ಮಾಡಿದ ತಪ್ಪು ಬಹಳ ಹಳೆಯದು. ಅಜಂತಾದ 17ನೇ ಗುಹೆಯ ವರಾಂಡದ ಎಡ ಗೋಡೆಯಲ್ಲಿ ಇದೇ ಚಕ್ರ ಇದೆ, 5ನೇ ಶತಮಾನದ್ದು. ಈಗ ಉಳಿದಿರೋದು ಒಂದು ತುಂಡು ಮಾತ್ರ. 19ನೇ ಶತಮಾನದಲ್ಲಿ ನೋಡಿದ ಬ್ರಿಟಿಷರು ಅದನ್ನು ರಾಶಿಚಕ್ರ ಅಂದುಕೊಂಡು ಆ ಗುಹೆಯನ್ನೇ ಜೋಡಿಯಾಕ್ ಗುಹೆ ಅಂತ ಕರೆದರು. ನಾನು ಹೋದಾಗ ಎಲ್ಲರೂ ಒಳಗಿನ ಜಾತಕ ಕಥೆಗಳ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆಗಳ ಚಿತ್ರಗಳ ಕಡೆ ಓಡಿದರು. ಈ ತುಂಡಿನ ಮುಂದೆ ನಾನೊಬ್ಬನೇ ನಿಂತಿದ್ದೆ. ಬೈಲಕುಪ್ಪೆಯಲ್ಲಿ ಹೊಚ್ಚಹೊಸ ಬಣ್ಣದಲ್ಲಿ ಕಂಡದ್ದು ಅಲ್ಲಿ ಒಡೆದು, ಮಾಸಿ, ಆದರೂ ಗುರುತು ಸಿಗುವಂತೆ ಇತ್ತು. ಅದೂ ಬಾಗಿಲ ಪಕ್ಕದಲ್ಲೇ.


ಪಿರಿಯಾಪಟ್ಟಣದ ಡ್ರಾಯಿಂಗ್ ಮೇಷ್ಟ್ರು:

ನೀವು ಹೇಳಿದ್ದು ಸರಿ, ಪಾಠದಲ್ಲಿ ಪಾರಿವಾಳವೇ. ಅದೇ ಪಾಠದಲ್ಲಿ ಎಲ್ಲವೂ ಅನಿತ್ಯತೆಯ ಬಾಯಲ್ಲಿರುವಂತೆ ಬರೆಯಿರಿ ಅಂತಲೂ ಇದೆ. ಲಾಮಾ ಯಮ ಅನ್ನದೆ ಅನಿತ್ಯತೆ ಅನ್ನೋದು ಅದಕ್ಕೇ. ಗೋಡೆಯ ಮೇಲೆ ಮಾತ್ರ ಹುಂಜ ಬಂದು ಕೂತಿದೆ. ಬದಲಾಯಿಸಿದ್ದು ತಪ್ಪು ಅಂತ ನನಗೆ ಅನ್ನಿಸೋದಿಲ್ಲ. ಕೆಂಪು ಜುಟ್ಟು, ಕೆಂಪು ಗರಿ. ರಾಗ ಅನ್ನೋ ಮಾತಿಗೇ ಕೆಂಪು ಬಣ್ಣ ಅನ್ನೋ ಅರ್ಥ ಇದೆಯಲ್ಲ. ಹಸಿರು ಹಾವು, ಕಪ್ಪು ಹಂದಿಯ ಪಕ್ಕ ಬೂದು ಪಾರಿವಾಳ ಇಟ್ಟರೆ ದೂರದಿಂದ ಕಾಣೋದಿಲ್ಲ. ಇದು ನನ್ನ, ಚಿತ್ರ ಬರೆಯುವವನ ಅಭಿಪ್ರಾಯ.


ಕದ್ರಿ ಗುಡ್ಡೆ:

ನಾನು ಮಂಗಳೂರಿನವಳು. ಗೋಲ್ಡನ್ ಟೆಂಪಲ್ಲಿಗೆ ಹೋದಾಗ ನನ್ನ ಮಗಳು ಗೋಡೆಯ ಮೇಲಿನ ಉಗ್ರ ರೂಪಗಳನ್ನು ನೋಡಿ ಅತ್ತಳು. ಬೆಂಕಿಯ ನಡುವೆ ನೀಲಿ ಮೈ, ತಲೆಬುರುಡೆಯ ಕಿರೀಟ. ನನಗೆ ಹೆದರಿಕೆ ಆಗಲಿಲ್ಲ. ನಾವು ಸಣ್ಣದರಿಂದ ಭೂತ ಕೋಲ ನೋಡಿದವರು, ಮುಖ ಉಗ್ರ ಇದ್ದರೆ ಕೆಟ್ಟವರು ಅಂತ ಅಲ್ಲ ಎಂದು ಗೊತ್ತುಂಟು. ಅವಳಿಗೂ ಹಾಗೆಯೇ ಹೇಳಿದೆ, ಇವರು ಕಾಯುವವರು ಮಗಾ ಅಂತ. ಸರಿಯಾ ಮೇಷ್ಟ್ರೇ?

ಮತ್ತೊಂದು. ಅಲ್ಲಿ ಹನ್ನೊಂದು ತಲೆ, ಸಾವಿರ ಕೈಯವರ ಚಿತ್ರ ನೋಡಿ ಇವರು ಯಾರು ಕೇಳಿದಾಗ, ಒಬ್ಬ ಎಳೆಯ ಭಿಕ್ಷು "ಚೆನ್ರೆಝಿಗ್, ಲೋಕೇಶ್ವರ" ಅಂದ. ನನಗೆ ಮೈ ಜುಮ್ಮೆಂದಿತು. ನಮ್ಮ ಕದ್ರಿ ದೇವಸ್ಥಾನದಲ್ಲಿ ಇರುವುದೂ ಲೋಕೇಶ್ವರನೇ. ಮೂರು ಮುಖ, ಆರು ಕೈಯ ಕಂಚಿನ ಮೂರ್ತಿ, 968ರಲ್ಲಿ, ಕರಾವಳಿ ಆಳಿದ ಆಳುಪರ ದೊರೆ ಕುಂದವರ್ಮ ಮಾಡಿಸಿದ್ದು ಅಂತ ಪೀಠದಲ್ಲಿ ಶಾಸನ ಉಂಟು. ಅಷ್ಟು ವರ್ಷ ಕೈಮುಗಿದವಳಿಗೆ ಅವ ಯಾರು ಅಂತ ಗೊತ್ತಾದದ್ದು ಬೈಲಕುಪ್ಪೆಯಲ್ಲಿ!

ಕೇಳಲು ಸ್ವಲ್ಪ ಮುಜುಗರ, ಆದರೂ ಕೇಳುತ್ತೇನೆ. ಕೆಲವು ಚಿತ್ರದಲ್ಲಿ ದೇವ ದೇವಿ ಅಪ್ಪಿಕೊಂಡು ಇರುತ್ತಾರಲ್ಲ, ಅದರ ಮುಂದೆ ಕಾಲೇಜು ಹುಡುಗರು ನಕ್ಕೊಂಡು ಫೋಟೊ ತೆಗೆಯುತ್ತಿದ್ದರು. ನನಗೆ ಬೇಸರ ಆಯಿತು, ಆದರೆ ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ.


ಪಿರಿಯಾಪಟ್ಟಣದ ಡ್ರಾಯಿಂಗ್ ಮೇಷ್ಟ್ರು:

ಅಮ್ಮ, ಮಗಳಿಗೆ ಹೇಳಿದ್ದು ಪೂರ್ತಿ ಸರಿ. ಆ ಸಿಟ್ಟು ನಮ್ಮ ಮೇಲಲ್ಲ, ಹಂದಿ ಹುಂಜ ಹಾವಿನ ಮೇಲೆ. ಮಗು ಒಲೆ ಕಡೆ ಕೈ ಚಾಚಿದಾಗ ತಾಯಿಯ ಮುಖ ಹೇಗಿರುತ್ತೋ ಅದನ್ನೇ ಬರೆಯಬೇಕು ಅಂತಾರೆ ನಮ್ಮ ಲಾಮಾ.

ಅಪ್ಪಿಕೊಂಡ ಜೋಡಿಗೆ ಅವರ ಹೆಸರು ಯಬ್-ಯುಮ್. ಯಬ್ ಅಂದರೆ ತಂದೆಯವರು, ಯುಮ್ ಅಂದರೆ ತಾಯಿಯವರು, ಎರಡೂ ಗೌರವದ ಮಾತು. ತಂದೆ ಉಪಾಯ, ಅಂದರೆ ಕರುಣೆ, ತಾಯಿ ಪ್ರಜ್ಞೆ. ಒಂದು ಬಿಟ್ಟು ಇನ್ನೊಂದು ನಡೆಯೋದಿಲ್ಲ. ಅರ್ಧನಾರೀಶ್ವರನ ಮುಂದೆ ನಮ್ಮ ಹುಡುಗರು ನಗೋದಿಲ್ಲ, ಯಾಕೆಂದರೆ ಅಜ್ಜಿಯೋ ಅಮ್ಮನೋ ಮೊದಲೇ ಹೇಳಿರ್ತಾರೆ. ಇಲ್ಲಿ ಹೇಳುವವರು ಸಿಕ್ಕಿಲ್ಲ. ಮುಂದಿನ ಸಲ ಆ ಎರಡು ಪದದ ಅರ್ಥ ಹೇಳಿ ನೋಡಿ, ತಾವಾಗೇ ಫೋನ್ ಒಳಗಿಟ್ಟಾರು.

ಹನ್ನೊಂದು ತಲೆಯ ಕಥೆ ನನಗೆ ಬಹಳ ಹಿಡಿಸಿದ್ದು. ಎಲ್ಲರನ್ನೂ ಸಂಸಾರದಿಂದ ಬಿಡಿಸುತ್ತೇನೆ, ಕೈಬಿಟ್ಟರೆ ನನ್ನ ತಲೆ ಸಿಡಿಯಲಿ ಅಂತ ಲೋಕೇಶ್ವರ, ಅಂದರೆ ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರ, ಮಾತು ಕೊಟ್ಟಿದ್ದ. ಎಷ್ಟೋ ಕಾಲ ದುಡಿದು ತಿರುಗಿ ನೋಡಿದರೆ ಸಂಕಟಪಡುವವರು ಮೊದಲಿನಷ್ಟೇ ಇದ್ದಾರೆ. ಒಂದು ಕ್ಷಣ ಎದೆಗುಂದಿದ, ತಲೆ ಚೂರಾಯಿತು. ಅವನ ಗುರು ಅಮಿತಾಭ ಬುದ್ಧ ಬಂದು ಚೂರುಗಳನ್ನು ಹನ್ನೊಂದು ತಲೆ ಮಾಡಿ, ತನ್ನ ತಲೆಯನ್ನೇ ಎಲ್ಲಕ್ಕಿಂತ ಮೇಲಿಟ್ಟ. ಚಿತ್ರದಲ್ಲಿ ತುದಿಯ ಕೆಂಪು ಮುಖ ಅಮಿತಾಭನದು. ಅದರ ಕೆಳಗಿನದು ಉಗ್ರ ಮುಖ. ಸಾವಿರ ಅಂಗೈಯಲ್ಲೂ ಒಂದೊಂದು ಕಣ್ಣಿದೆ: ನೋಡದೆ ಕೈ ಚಾಚಬಾರದು, ನೋಡಿ ಸುಮ್ಮನೆ ಕೂರಲೂ ಬಾರದು.

ಬಾಗಿಲಲ್ಲಿ ಇನ್ನೂ ನಾಲ್ವರು ಇರ್ತಾರೆ, ದಿಕ್ಕಿನ ರಾಜರು. ಬಿಳಿ ಮೈಯ ಧೃತರಾಷ್ಟ್ರ ವೀಣೆ ಹಿಡಿದು ಪೂರ್ವಕ್ಕೆ, ನೀಲಿ ವಿರೂಢಕ ಕತ್ತಿ ಹಿಡಿದು ದಕ್ಷಿಣಕ್ಕೆ, ಕೆಂಪು ವಿರೂಪಾಕ್ಷ ಹಾವು, ಸ್ತೂಪ ಹಿಡಿದು ಪಶ್ಚಿಮಕ್ಕೆ, ಹಳದಿ ವೈಶ್ರವಣ ಉತ್ತರಕ್ಕೆ. ವೈಶ್ರವಣನ ಕೈಯಲ್ಲಿ ರತ್ನ ಕಕ್ಕುವ ಮುಂಗುಸಿ ನೋಡಿದರೆ ಗೊತ್ತಾಗುತ್ತೆ, ನಮ್ಮ ಕುಬೇರನೇ. ಹೆಸರುಗಳು ಪರಿಚಯದವೇ ಅಂತ ಮಹಾಭಾರತದ ಧೃತರಾಷ್ಟ್ರ, ಹಂಪೆಯ ವಿರೂಪಾಕ್ಷ ಅಂದುಕೊಳ್ಳಬೇಡಿ; ಇವರು ಬೇರೆ.

ಬಣ್ಣದ ಬಗ್ಗೆ ಒಂದು ಮಾತು. ಹಿಂದೆ ಕಲ್ಲು ಅರೆದ ನೀಲಿ, ಹಸಿರು, ಇಂಗಲೀಕದ ಕೆಂಪು; ಅದಕ್ಕೆ ಮರಗೆಲಸದವರ ಸರೇಸಿನ ಥರದ ಚರ್ಮದ ಅಂಟು. ಈಗ ದೊಡ್ಡ ಗೋಡೆಗಳಿಗೆ ಬಹುಮಟ್ಟಿಗೆ ಅಕ್ರಿಲಿಕ್. ಬದಲಾಗದೆ ಉಳಿದದ್ದು ಅಳತೆ. ಪ್ರತಿ ದೇವತೆಗೂ ಮುಖ ಎಷ್ಟು, ತೋಳು ಎಷ್ಟು ಅಂತ ಗೆರೆ ಎಳೆದುಕೊಂಡೇ ಬರೆಯೋದು, ಮನಸ್ಸಿಗೆ ಬಂದಂತಲ್ಲ. ಕಣ್ಣು ಬರೆಯೋದು ಕೊನೆಗೆ. ನಮ್ಮ ಶಿಲ್ಪಿಗಳು ನೇತ್ರೋನ್ಮೀಲನ ಅಂತಾರಲ್ಲ, ಅದೇ. ಆ ಕೆಲಸದ ದಿನ ಲಾಮಾ ಯಾರ ಜೊತೆಯೂ ಮಾತಾಡೋದಿಲ್ಲ. ನಾನು ಬಣ್ಣದ ಬಟ್ಟಲು ಹಿಡಿದು ಉಸಿರು ಬಿಗಿಹಿಡಿದು ನಿಂತಿರ್ತೀನಿ.


ಹೇಮಾವತಿ ದಂಡೆ:

ಮೇಷ್ಟ್ರೇ, ಎಲ್ಲರಿಗೂ ಕೈಮುಗಿದು ವಂದನೆ. ರಾತ್ರಿ ಊಟ ಆದ ಮೇಲೆ ನೀವು ಬರೆದದ್ದನ್ನು ಜೋರಾಗಿ ಓದಿದೆ. ಮಗ ತಾನು ತೆಗೆದಿದ್ದ ಫೋಟೊ ದೊಡ್ಡದು ಮಾಡಿ ಒಂದೊಂದೇ ಹುಡುಕಿದ. ಪ್ರಾಣಿಗಳ ಲೋಕದ ಬುದ್ಧನ ಕೈಯಲ್ಲಿ ಪುಸ್ತಕ ಇದೆಯಂತೆ. "ಹಸು, ಎಮ್ಮೆಗೆ ಓದೋಕೆ ಬರಲ್ವಲ್ಲ, ಪುಸ್ತಕ ಯಾಕೆ?" ಅಂತ ಕೇಳ್ತಿದ್ದಾನೆ.

ಅತ್ತೆ ಪೂರ್ತಿ ಕೇಳಿಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ "ಆ ಕೊಪ್ಪರಿಗೆ ಹತ್ತಿರ ಬುದ್ಧ ಇದ್ದದ್ದು ನನಗೆ ಕಾಣಲೇ ಇಲ್ಲ, ಇನ್ನೊಂದು ಸಲ ಕರ್ಕೊಂಡು ಹೋಗ್ತೀಯೇನಮ್ಮ?" ಅಂದ್ರು. ನಮ್ಮ ಮಾವ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾನು ಹ್ಞೂಂ ಅಂದಿದ್ದೀನಿ. ಭಾನುವಾರ ಬಂದರೆ ನೀವು ಸಿಗ್ತೀರಾ? ಅತ್ತೆಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಇದ್ದ ನೆನಪು.


ಪಿರಿಯಾಪಟ್ಟಣದ ಡ್ರಾಯಿಂಗ್ ಮೇಷ್ಟ್ರು:

ಖಂಡಿತ ಸಿಗ್ತೀನಿ ತಾಯಿ. ಪುಸ್ತಕದ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರ ಇದೆ. ಪ್ರಾಣಿಗಳ ಸಂಕಟ ತಿಳಿಯದೇ ಇರೋದು, ಅದಕ್ಕೆ ತಿಳಿವಿನ ಗುರುತು ಪುಸ್ತಕ. ಆದರೆ ಹುಡುಗ ಅದನ್ನು ಲಾಮಾರನ್ನೇ ಕೇಳಲಿ.

ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಗ ಜಗಲಿಗೆ ಒಳ್ಳೆ ಬೆಳಕು ಬೀಳುತ್ತೆ, ತಳದ ನರಕದ ಭಾಗವೂ ಸ್ಪಷ್ಟ ಕಾಣುತ್ತೆ. ಗೋಡೆಯ ಫೋಟೊ ನನ್ನ ಖಾಸಗಿ ಸಂದೇಶಕ್ಕೆ ಕಳಿಸಿ, ಯಾವ ಮಠ ಅಂತ ಗುರುತು ಹಿಡಿದು ಮೊದಲೇ ಹೋಗಿರ್ತೀನಿ. ಮೆಟ್ಟಿಲಿಗೆ ಹುಡುಗ ಒಂದು ಕಡೆ, ನಾನೊಂದು ಕಡೆ ಹಿಡಿದುಕೊಳ್ಳೋಣ. ಮೇಲೆ ಚಕ್ರದ ಎದುರಿಗೆ ಅಮ್ಮನವರಿಗೆ ಒಂದು ಕುರ್ಚಿ ಹಾಕಿಸಿರ್ತೀನಿ.